ನೈಫಿನಿಂದ ಊರಿಗೆ ಹೋದ ಬಿಳಿ ಡಬ್ಬಿಗಳು

ಅಕ್ಟೋಬರ್ ಬಂತೆಂದರೆ ಗಲ್ಫಿನ ಅಲ್ ರೀಮ್ ಐಲ್ಯಾಂಡಿನ ಆ ಹದಿನೇಳನೇ ಮಹಡಿಯ ಮನೆಯಲ್ಲಿ ನೆಟ್ಟಗೆ ನಡೆದಾಡಲು ಜಾಗವಿರುತ್ತಿರಲಿಲ್ಲ. ಹಾಲ್‌ನ ನಟ್ಟನಡುವೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತುಬಿಡುತ್ತಿತ್ತು. ಹಡಗಿನಲ್ಲಿ ಊರಿಗೆ ಹೋಗುವ ಕಾರ್ಗೋ ಪೆಟ್ಟಿಗೆ. ಕ್ರಿಸ್ಮಸ್ಸಿಗೆ ಮೊದಲು ಅದು ಬಜ್ಪೆಯ ತಂಗಿ ಎಲ್ಸಿಯ ಮನೆ ಮುಟ್ಟಬೇಕು. ತುಂಬುವ ಅಧಿಕಾರ ಜೋಸ್ಫಿನ್ ಬಾಯಿಯೊಬ್ಬಳದೇ. ಬೇರೆ ಯಾರಾದರೂ ಒಂದು ಸಾಬೂನು ಇಟ್ಟರೂ ಅವಳು ಅದನ್ನು ತೆಗೆದು, ಒಮ್ಮೆ ಮೂಸಿ, ತನಗೆ ಬೇಕಾದ ಮೂಲೆಯಲ್ಲಿ ಮತ್ತೆ ಇಡುತ್ತಿದ್ದಳು.

"ಇದೆಲ್ಲ ಈಗ ಮಂಗಳೂರಲ್ಲೇ ಸಿಗ್ತದೆ ಮಾರಾಯ್ತಿ," ಎಂದು ಗಂಡ ಮೊರಿಸ್ ಸೋಫಾದಲ್ಲಿ ಕೂತು ಪ್ರತಿ ವರ್ಷದ ಮಾತನ್ನೇ ಹೇಳಿದ. "ಹಾಲಿನ ಪುಡಿ, ಖರ್ಜೂರ, ಬಾದಾಮಿ, ಸೆಂಟು. ಮಾಲ್‌ಗೆ ಹೋದ್ರೆ ಇದಕ್ಕಿಂತ ಅಗ್ಗ."

"ಸಿಗ್ತದೆ. ಅಕ್ಕ ಕಳಿಸಿದ್ದು ಅಂತ ಸಿಗ್ತದಾ? ನೀವು ಸುಮ್ನೆ ಆ ಟೇಪು ಹಿಡ್ಕೊಳ್ಳಿ."

ಸೊಸೆ ಕ್ಯಾರೊಲಿನ್ ಡ್ಯೂಟಿಗೆ ಹೊರಟವಳು ಪೆಟ್ಟಿಗೆಯನ್ನು ಬಳಸಿಕೊಂಡು ಬಾಗಿಲಿಗೆ ಹೋದಳು. ಅವಳಿಗೆ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕೆಲಸ. ಮಗ ಶರ್ವಿನ್ ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ, ತಿಂಗಳು ಅಲ್ಲಿ, ತಿಂಗಳು ಇಲ್ಲಿ. ಹಾಗಾಗಿ ಮನೆಯನ್ನು ನಡೆಸುವುದು ಅತ್ತೆ ಮತ್ತು ಸ್ಟೇಸಿ. ಸ್ಟೇಸಿ ಕೀನ್ಯಾದ ಕಿಸುಮುವಿನವಳು, ಮನೆಕೆಲಸಕ್ಕೆ ಬಂದು ಮೂರು ವರ್ಷ. ಅರ್ಧ ಹಿಂದಿ, ಕಾಲು ಇಂಗ್ಲಿಷ್ ಬೆರೆಸಿ ಕೊಂಕಣಿ ಮಾತಾಡುತ್ತಾಳೆ. ಕ್ಯಾರೊಲಿನ್ ಅತ್ತೆಯನ್ನು ಮಾಂಯ್ ಎಂದು ಕರೆಯುವುದು ಕೇಳಿ ತಾನೂ ಮಾಂಯ್ ಎನ್ನುತ್ತಾಳೆ. ಸರೋವರದ ದಂಡೆಯಲ್ಲಿ ಹುಟ್ಟಿದ ಹುಡುಗಿ, ಮೀನು ಕುಯ್ಯುವುದರಲ್ಲಿ ಜೋಸ್ಫಿನ್ ಬಾಯಿಯನ್ನೂ ಮೀರಿಸುತ್ತಾಳೆ. ಆದರೆ ಅದನ್ನು ಜೋಸ್ಫಿನ್ ಬಾಯಿ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ.

ಪೆಟ್ಟಿಗೆಯ ಹೊಟ್ಟೆಯಲ್ಲಿ, ಕಂಬಳಿಯ ಮಡಿಕೆಯೊಳಗೆ, ಆರು ಬಿಳಿ ಡಬ್ಬಿಗಳು ಕೂತವು. ಚಿನ್ನದ ಬಣ್ಣದ ಮುಚ್ಚಳ, ಮೇಲೆ ಹೆಸರಿಲ್ಲ, ಊರಿಲ್ಲ. ಇದಕ್ಕಾಗಿಯೇ ಅವಳು ವರ್ಷಕ್ಕೊಮ್ಮೆ ಗಂಡನನ್ನು ಎಳೆದುಕೊಂಡು ಬಸ್ಸು ಹಿಡಿದು, ಮೆಟ್ರೋ ಹಿಡಿದು ದುಬೈಯ ನೈಫಿಗೆ ಹೋಗುವುದು. ಈ ಸಲ ಆರು ಡಬ್ಬಿ. ಎಲ್ಸಿಯ ಮಗಳು ಅನ್ನಾ ಐದು ತಿಂಗಳ ಬಸುರಿ, ಬಸುರಿನಲ್ಲಿ ಮುಖ ಕಪ್ಪಿಡುತ್ತದೆಂದು ಎರಡು ಹೆಚ್ಚು.

ನೈಫ್ ಅಂದರೆ ಅವಳಿಗೆ ಅಂಗಡಿ ಸಾಲು ಮಾತ್ರವಲ್ಲ. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಇಪ್ಪತ್ತಮೂರು ವರ್ಷದ ಹುಡುಗಿಯಾಗಿ ದೇರಾದ ಒಂದು ಮನೆಗೆ ಆಯಾ ಆಗಿ ಬಂದಾಗ, ವಾರದಲ್ಲಿ ಅವಳ ಸ್ವಂತದ್ದೆಂದು ಇದ್ದದ್ದು ಶುಕ್ರವಾರದ ಐದು ಗಂಟೆ. ಆಚೆ ದಡದ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಇತರ ಆಯಾಗಳ ಜೊತೆ ಅಬ್ರಾ ದೋಣಿಯಲ್ಲಿ ಖಾಡಿ ದಾಟಿ, ನೈಫಿನ ಓಣಿಗಳಲ್ಲಿ ಸುಮ್ಮನೆ ಸುತ್ತುವುದು. ಒಂದು ರೂಪಾಯಿಯ, ಅಲ್ಲ, ಒಂದು ದಿರ್ಹಮಿನ ಸಮೋಸವನ್ನು ಇಬ್ಬರು ತಿನ್ನುವುದು. ಊರಿಗೆ ಕಳಿಸಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿಕೊಡುವ ಒಬ್ಬ ಮಲಬಾರಿ ಇದ್ದ, ಅವನ ಅಂಗಡಿಯಲ್ಲಿ ಅಳದೆ ಹೊರಬಂದವರಿಲ್ಲ. ಆ ಅಂಗಡಿಯ ಪಕ್ಕದಲ್ಲೇ ಬಿಳಿ ಡಬ್ಬಿಯ ಮುದುಕ ಕೂರುತ್ತಿದ್ದ. ಈಗ ಕೂರುವುದು ಅವನ ತಂಗಿಯ ಮಗ. ಜಾಗ ಅದೇ, ಅತ್ತರಿನ ವಾಸನೆ ಅದೇ. ಆ ಓಣಿಗೆ ಕಾಲಿಟ್ಟರೆ ಜೋಸ್ಫಿನ್ ಬಾಯಿಗೆ ಮೊಣಕಾಲ ನೋವೂ ಮರೆತುಹೋಗುತ್ತದೆ, ಹೆಜ್ಜೆ ಹುಡುಗಿಯದ್ದಾಗುತ್ತದೆ.

ಆ ಮುದುಕನ ಬೆಳ್ಳಗಾಗುವ ಕ್ರೀಮನ್ನು ಮೂರು ತಿಂಗಳು ಮುಖಕ್ಕೆ ಹಚ್ಚಿ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ಊರಿಗೆ ಕಳಿಸಿದ್ದಳು. ಅಮ್ಮ ಅದನ್ನು ಇಡೀ ವಾಡೆಯ ಮನೆಮನೆಗೂ ತೋರಿಸಿದಳಂತೆ. ಅದಾದ ಮೇಲೆ ಮೊರಿಸನ ಸಂಬಂಧ ಬಂತು. ತಂಗಿ ಎಲ್ಸಿ ಇನ್ನೂ ಕಪ್ಪು, ಏಳು ವರ್ಷ ಚಿಕ್ಕವಳು. "ಇವಳನ್ನು ಯಾರು ಕಟ್ಟಿಕೊಳ್ತಾರೋ" ಎಂದು ಅಮ್ಮ ಕಾಗದದಲ್ಲಿ ಬರೆಸುತ್ತಿದ್ದಳು. ಅಂದಿನಿಂದ ಡಬ್ಬಿ ಕಳಿಸುವುದು ಶುರುವಾಯಿತು. ಎಲ್ಸಿಗೂ ಮದುವೆಯಾಯಿತು. ಮೂವತ್ತೈದು ವರ್ಷದಲ್ಲಿ ಒಂದು ವರ್ಷವೂ ತಪ್ಪಲಿಲ್ಲ.

ಗುರುವಾರ ಕಾರ್ಗೋದವರು ಬಂದು ಪೆಟ್ಟಿಗೆ ಎತ್ತಿದರು. "ಒಂದು ತಿಂಗಳು ಮ್ಯಾಡಂ, ಮನೆ ಬಾಗಿಲಿಗೆ," ಎಂದರು. ಅವರು ಹೋದ ಮೇಲೆ ಹಾಲ್ ಬಿಕೋ ಎಂದಿತು. ಜೋಸ್ಫಿನ್ ಬಾಯಿಗೆ ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗಾಗಿ, ಚಹಾ ಕುಡಿಯಲೂ ಮನಸ್ಸಾಗಲಿಲ್ಲ.

ಮರುವಾರ ಅವಳ ಕಾಲು ಚಪ್ಪಲಿಗೆ ಹಿಡಿಯದಾಯಿತು. ಬೆಳಿಗ್ಗೆ ಕಣ್ಣಿನ ಕೆಳಗೆ ಇಡ್ಲಿಯ ಹಾಗೆ ಊತ. ಚಹಾ ಬಗ್ಗಿಸುವಾಗ ಕೈ ನಡುಗಿ ಸಾಸರಿನಲ್ಲಿ ಅರ್ಧ ಕಪ್.

"ಏಸಿದು," ಎಂದಳು ಜೋಸ್ಫಿನ್ ಬಾಯಿ. "ಇಡೀ ದಿನ ಏಸಿ ಹಾಕಿದ್ರೆ ಮನುಷ್ಯರು ಊದಿಕೊಳ್ಳದೆ ಇನ್ನೇನಾಗ್ತಾರೆ?"

"ಏಸಿ ನಮಗೂ ಉಂಟಲ್ಲ ಮಾಂಯ್. ನಾವ್ಯಾಕೆ ಊದಿಕೊಂಡಿಲ್ಲ?" ಎಂದಳು ಕ್ಯಾರೊಲಿನ್.

"ನೀವು ಚಿಕ್ಕವರು. ನಂಗೆ ಅರವತ್ತಾಯ್ತು."

ಸ್ಟೇಸಿ ಅವಳ ಊದಿದ ಕಾಲನ್ನೇ ನೋಡಿದಳು. ಮರುದಿನ ಬಚ್ಚಲು ತೊಳೆಯುವಾಗ ಜೋಸ್ಫಿನ್ ಬಾಯಿ ತನಗೆಂದು ಇಟ್ಟುಕೊಂಡ ಬಿಳಿ ಡಬ್ಬಿ ಕೈಯಲ್ಲಿ ಹಿಡಿದು ನೇರ ಅಡುಗೆಮನೆಗೆ ಬಂದಳು. ಜೋಸ್ಫಿನ್ ಬಾಯಿ ಬಂಗುಡೆಗೆ ಮಸಾಲೆ ಸವರುತ್ತಿದ್ದಳು. ಮೊಮ್ಮಗಳು ತಾನ್ಯಾ ಊಟದ ಮೇಜಿನಲ್ಲಿ ಹೋಮ್‌ವರ್ಕ್ ಹರಡಿ ಕೂತಿದ್ದಳು.

"ಮಾಂಯ್, ಇದನ್ನು ಎಷ್ಟು ವರ್ಷದಿಂದ ಹಚ್ತೀರಿ?"

"ಅದು ಅಲ್ಲೇ ಇಡು. ನನ್ನ ಸಾಮಾನು ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು?"

"ನಮ್ಮ ಕಡೆ ಇದಕ್ಕೆ ಮ್ಕೊರೊಗೊ ಅಂತಾರೆ. ಏನೇನೋ ಕಲಸಿ ಮಾಡೋದು. ಮಾರ್ಕೆಟ್ಟಲ್ಲಿ ಚಮಚದಲ್ಲಿ ಮಾರ್ತಾರೆ. ಇದು ಒಳ್ಳೇದಲ್ಲ ಮಾಂಯ್. ನಿಮ್ಮ ಕಾಲು ಊದಿದ್ದು ಇದರಿಂದಲೇ ಇರ್ಬಹುದು. ಬಿಸಾಡಿ."

ಜೋಸ್ಫಿನ್ ಬಾಯಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಬಣ್ಣದ ವಿಷಯ ನೀನು ನನಗೆ ಹೇಳ್ತೀಯಾ? ಕನ್ನಡಿಯಲ್ಲಿ ಒಮ್ಮೆ ನಿನ್ನ ಮುಖ ನೋಡಿಕೊಂಡು ಬಾ, ಹೋಗು!"

ಸ್ಟೇಸಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಕೈ ತೊಳೆದುಕೊಂಡು ತನ್ನ ಕೋಣೆಗೆ ಹೋದಳು.

"ಗ್ರ್ಯಾನಿ! ದಟ್ಸ್ ಸೋ ರೇಸಿಸ್ಟ್!" ತಾನ್ಯಾ ಪೆನ್ಸಿಲು ಬಿಸಾಡಿ ಎದ್ದಳು.

"ಹೋಗ್ ಹೋಗ್, ದೊಡ್ಡವರ ಮಾತಿಗೆ ಬರ್ಬೇಡ." ಎಂದಳೇನೋ ಹೌದು, ಆದರೆ ಅಂದು ಬಂಗುಡೆ ಕರಟಿಹೋಯಿತು. ಮೊರಿಸ್ ಒಂದು ತುಂಡು ಬಾಯಿಗಿಟ್ಟು, ಹೆಂಡತಿಯ ಮುಖ ನೋಡಿ, ನುಂಗಿದ.

ವಿಷಯ ತಾನ್ಯಾಳಿಂದ ಕ್ಯಾರೊಲಿನ್‌ಗೆ ಗೊತ್ತಾಯಿತು. ಅವಳು ಬೈಯಲಿಲ್ಲ, ಜೋಸ್ಫಿನ್ ಬಾಯಿಗೆ ಅದೇ ಹೆದರಿಕೆ. ಶನಿವಾರ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಬ್ಯಾಗಿನಲ್ಲಿ ಬಿಳಿ ಡಬ್ಬಿಯನ್ನೂ ಹಾಕಿಕೊಂಡಿದ್ದಳು. ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆ ಎಂದು ಅಂದೇ ತಿಳಿಯಿತು. ಉಳಿದ ಪರೀಕ್ಷೆಗೆ ಹತ್ತು ದಿನ ಬೇಕಾಯಿತು. ಫಲಿತಾಂಶ ಬಂದಾಗ ಡಾಕ್ಟರಮ್ಮ ಸುತ್ತುಬಳಸಲಿಲ್ಲ.

"ಇದರಲ್ಲಿ ಪಾದರಸ ಇದೆ. ನಿಮ್ಮ ರಕ್ತದಲ್ಲೂ ಇದೆ. ಕಿಡ್ನಿಗೆ ಪೆಟ್ಟಾಗಿರುವುದು ಅದರಿಂದ. ಹಚ್ಚುವುದು ನಿಲ್ಲಿಸಿದರೆ, ಔಷಧಿ ತೆಗೆದುಕೊಂಡರೆ, ಸರಿಯಾಗುವ ಸಾಧ್ಯತೆ ಹೆಚ್ಚು."

"ಮೂವತ್ತೈದು ವರ್ಷ ಹಚ್ಚಿದ್ದೇನೆ ಡಾಕ್ಟ್ರೇ, ಆಗ ಏನೂ ಆಗ್ಲಿಲ್ಲ."

"ಯಾವ ಡಬ್ಬಿಯಲ್ಲಿ ಎಷ್ಟು ಹಾಕಿದ್ದಾರೆ ಅಂತ ಕಲಸಿದವರಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿ ಬಸುರಿಯರು, ಮಕ್ಕಳು ಇದ್ದಾರಾ? ಟವೆಲು, ದಿಂಬಿನ ಬಟ್ಟೆಯಿಂದಲೂ ಹತ್ತುತ್ತದೆ. ಬಸುರಿಯರು ಹಚ್ಚಿಕೊಂಡರೆ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ."

ಜೋಸ್ಫಿನ್ ಬಾಯಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣ ಮುಂದೆ ಬಂದದ್ದು ತನ್ನ ಕಿಡ್ನಿಯಲ್ಲ. ಕಂಬಳಿಯ ಮಡಿಕೆಯೊಳಗೆ ಕೂತು ಸಮುದ್ರದ ಮೇಲೆ ಹೋಗುತ್ತಿರುವ ಆರು ಡಬ್ಬಿ, ಅನ್ನಾಳ ಹೊಟ್ಟೆ. ಅದರ ಹಿಂದೆಯೇ ಎಲ್ಸಿ. ಎಲ್ಸಿ ಎರಡು ವರ್ಷದಿಂದ ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಹೋಗುತ್ತಿದ್ದಾಳೆ. ಅವಳಿಗೆ ಸಕ್ಕರೆ ಕಾಯಿಲೆ, ಅದರಿಂದ ಎಂದೇ ಎಲ್ಲರೂ ತಿಳಿದಿದ್ದರು.

ಕಾರಿನಲ್ಲಿ ಕ್ಯಾರೊಲಿನ್ ಕಾರ್ಗೋದವರಿಗೆ ಫೋನು ಮಾಡಿದಳು. "ಖಲಾಸ್ ಮ್ಯಾಡಂ. ಕಂಟೇನರ್ ಸೀಲಾಗಿ ಹಡಗು ಹೊರಟಾಯ್ತು. ಇನ್ನು ತೆಗೆಯುವ ದಾರಿ ಮಾಫಿ, ಇಲ್ಲವೇ ಇಲ್ಲ," ಎಂದ ಅತ್ತಲಿನವ.

"ಈಗಲೇ ಅನ್ನಾಳಿಗೆ ಹೇಳುವ ಮಾಂಯ್."

"ನೀನು ಹೇಳ್ಬೇಡ. ನನ್ನ ತಂಗಿ, ನಾನು ಹೇಳ್ತೇನೆ. ನಂಗೆ ಎರಡು ದಿನ ಕೊಡು."

ಅಂದು ಮನೆಯ ದಿಂಬಿನ ಬಟ್ಟೆ, ಟವೆಲು ಎಲ್ಲ ಕಸದ ಚೀಲ ಸೇರಿದವು. ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದ ತಾನ್ಯಾಳ ರಕ್ತವನ್ನೂ, ಮೊರಿಸನ ರಕ್ತವನ್ನೂ ಕಳಿಸಿದರು. ಪುಣ್ಯಕ್ಕೆ ತಾನ್ಯಾಳಲ್ಲಿ ಏನೂ ಕಾಣಲಿಲ್ಲ. ಮೊರಿಸನಲ್ಲಿ ಸ್ವಲ್ಪ ಇತ್ತು.

"ಹೆಂಡತಿ ಬೆಳ್ಳಗಾಗ್ಲಿಕ್ಕೆ ಹಚ್ಚಿದ್ದು, ರಿಪೋರ್ಟಲ್ಲಿ ಬಂದದ್ದು ನಂಗೆ," ಎಂದು ಅವನು ನಗಿಸಲು ನೋಡಿದ. ಅವಳು ನಗಲಿಲ್ಲ.

"ಆ ಫೋಟೋ ಇಲ್ಲದಿದ್ರೆ ನೀವು ನನ್ನನ್ನು ಮದುವೆ ಆಗ್ತಿದ್ರಾ?"

"ಯಾವ ಫೋಟೋ?"

"ದುಬೈಯಿಂದ ಕಳಿಸಿದ್ದು. ಬೆಳ್ಳಗೆ ಬಿದ್ದದ್ದು."

ಮೊರಿಸ್ ಕನ್ನಡಕ ತೆಗೆದು ಅವಳನ್ನೇ ನೋಡಿದ. "ಅಯ್ಯೋ ಪೆದ್ದಿ. ಆ ಫೋಟೋ ನಾನು ಮದುವೆ ಆದ ಮೇಲೆ ನೋಡಿದ್ದು. ಎಂಬತ್ತಾರರ ಮೊಂತಿ ಫೆಸ್ತಿಗೆ ನೀನು ಹೂವಿನ ಬುಟ್ಟಿ ಹಿಡ್ಕೊಂಡು ಮೆರವಣಿಗೆಯ ಮೊದಲ ಸಾಲಲ್ಲಿ ಹೋಗ್ತಿದ್ದಿ. ಯಾರೋ ನಿನ್ನ ಕಾಲು ತುಳಿದ್ರು. ಹಾಡು ನಿಲ್ಲಿಸದೆ ಅವನಿಗೆ ಮೊಣಕೈಯಲ್ಲಿ ಒಂದು ಕೊಟ್ಟಿ. ಮದುವೆ ಆದ್ರೆ ಇವಳನ್ನೇ ಅಂತ ಆವತ್ತೇ ನಮ್ಮಮ್ಮನಿಗೆ ಹೇಳಿದ್ದೆ. ಒಪ್ಪಿಸ್ಲಿಕ್ಕೆ ಆರು ವರ್ಷ ಹಿಡಿಯಿತು, ಅಷ್ಟೇ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದವು. ಎಂಬತ್ತಾರರ ಆ ಸೆಪ್ಟೆಂಬರಿನ ತೆನೆಹಬ್ಬ, ಮೈಗೆ ಅಂಟಿದ ಹೊಸ ಲಂಗ, ಕೈ ತುಂಬ ದಾಸವಾಳ, ಹೊಸ ಭತ್ತದ ತೆನೆಯ ವಾಸನೆ, ಎಲ್ಲ ಎದ್ದು ಬಂದವು. ಆ ಹುಡುಗಿಯ ಬಣ್ಣ ಎಂಥದಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಅಂಜಲ್ ಮೀನಿನ ನಡುವಿನ ದೊಡ್ಡ ತುಂಡನ್ನು ತೆಗೆದು ಸ್ಟೇಸಿಯ ತಟ್ಟೆಗೆ ಹಾಕಿದಳು. ಸ್ಟೇಸಿ ತಟ್ಟೆ ನೋಡಿದಳು, ಮುಟ್ಟಲಿಲ್ಲ.

"ಮೀನು ಹಾಕಿದ್ರೆ ಆಯ್ತಾ ಮಾಂಯ್? ಬಾಯಲ್ಲಿ ಹೇಳಿ."

ಜೋಸ್ಫಿನ್ ಬಾಯಿ ಸೌಟು ಕೆಳಗಿಟ್ಟಳು. "ತಪ್ಪಾಯ್ತು ಮಗಾ. ನಾನೂ ಇನ್ನೊಬ್ಬರ ಮನೆಯಲ್ಲಿ ಪಾತ್ರೆ ತೊಳೆದವಳು. ಅಲ್ಲಿಯ ಮ್ಯಾಡಂ ನನ್ನ ಬಣ್ಣಕ್ಕೆ ಹಂಗಿಸ್ತಿದ್ಳು. ಅದನ್ನೇ ನಾನು ನಿಂಗೆ ಮಾಡಿದೆ. ಛೀ."

ಸ್ಟೇಸಿ ಆಗ ಮೀನು ಮುರಿದಳು. ತಿನ್ನುತ್ತ ತನ್ನ ಅಕ್ಕನ ವಿಷಯ ಹೇಳಿದಳು. ಅಕ್ಕ ಸಲೂನಿನಲ್ಲಿ ಕೆಲಸಕ್ಕಿದ್ದಳು, ಗಿರಾಕಿಗಳಿಗೆ ಬೆಳ್ಳಗಿನವಳೇ ಬೇಕೆಂದು ಮಾಲಕಿ ಹಚ್ಚಿಸಿದ್ದು. ವರ್ಷಗಟ್ಟಲೆ ಹಚ್ಚಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಹೆರಿಗೆಗೆ ಹೊಟ್ಟೆ ಕುಯ್ದಾಗ ಹೊಲಿಗೆ ನಿಲ್ಲಲಿಲ್ಲ. ಹಾಕಿದ ಕಡೆಯೆಲ್ಲ ಬಿಟ್ಟುಕೊಂಡಿತು.

"ಮಗು ಉಳೀತು. ಅಕ್ಕ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ಳು. ಅವಳ ಸಾಲ ತೀರ್ಸೋಕೆ ನಾನು ಇಲ್ಲಿಗೆ ಬಂದದ್ದು. ನೀವು ನಿಮ್ಮ ಅನ್ನಾಳಿಗೆ ಬೇಗ ಹೇಳಿ."

ಬೇಗ ಹೇಳಬೇಕು. ಎರಡು ದಿನ ಎಂದದ್ದು ನಾಲ್ಕಾಯಿತು, ಎಂಟಾಯಿತು. ದಿನಾ ಸಂಜೆ ಎಲ್ಸಿಯ ವಿಡಿಯೋ ಕಾಲ್ ಬರುತ್ತಿತ್ತು. ಎಲ್ಸಿಯ ಬತ್ತಿದ ಮುಖ, ತೋಳಿನಲ್ಲಿ ಡಯಾಲಿಸಿಸ್ಸಿನ ಬ್ಯಾಂಡೇಜು ಕಂಡ ಕೂಡಲೇ ಜೋಸ್ಫಿನ್ ಬಾಯಿಯ ಮಾತು ಮೀನಿನ ಬೆಲೆಗೆ ತಿರುಗುತ್ತಿತ್ತು. ನಿನ್ನ ಕಿಡ್ನಿ ನಾನೇ ತಿಂದೆ ಎಂದು ತಂಗಿಗೆ ಹೇಗೆ ಹೇಳುವುದು?

"ಎಂತ ಮಾಂಯ್ ಇದು? ಹೊಟ್ಟೆಯಲ್ಲಿರುವ ಮಗುವಿಗಿಂತ ನಿಮ್ಮ ಮರ್ಯಾದೆ ದೊಡ್ಡದಾ?" ಒಂಬತ್ತನೇ ದಿನ ಕ್ಯಾರೊಲಿನ್ ಸಿಡಿದಳು. "ನಾಳೆ ಬೆಳಿಗ್ಗೆ ನೀವು ಮಾಡದಿದ್ರೆ ನಾನು ಮಾಡ್ತೇನೆ. ನೀವು ಮತ್ತೆ ನನ್ನ ಹತ್ರ ಮಾತಾಡದಿದ್ರೂ ಅಡ್ಡಿಲ್ಲ."

ಬೆಳಿಗ್ಗೆ ಕಾರ್ಗೋದವರ ಮೆಸೇಜು ಬಂತು. ಪೆಟ್ಟಿಗೆ ಮಂಗಳೂರು ತಲುಪಿದೆ, ಇಂದೇ ಮನೆಗೆ ಬರುತ್ತದೆ. ಜೋಸ್ಫಿನ್ ಬಾಯಿ ಕೈ ಮುಗಿದು ಶಿಲುಬೆಯ ಗುರುತು ಮಾಡಿಕೊಂಡು ಫೋನು ಒತ್ತಿ ಸ್ಪೀಕರಿಗೆ ಹಾಕಿದಳು. ಮೊರಿಸ್ ಪಕ್ಕಕ್ಕೆ ಬಂದು ಕೂತ. ಸ್ಟೇಸಿ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಳು.

"ಅಕ್ಕ! ಈಗಷ್ಟೇ ಫೋನು ಬಂತು, ಪೆಟ್ಟಿಗೆ ಹನ್ನೊಂದಕ್ಕೆ ಬರ್ತದಂತೆ," ಎಂದಳು ಎಲ್ಸಿ, ಮಕ್ಕಳ ಹಾಗೆ.

"ಎಲ್ಸಿ, ಪೆಟ್ಟಿಗೆ ಬಿಚ್ಚಬೇಡ. ಮೊದಲು ನಾನು ಹೇಳುದು ಕೇಳು." ಒಮ್ಮೆ ಶುರುವಾದ ಮೇಲೆ ಅವಳು ನಿಲ್ಲಿಸಲಿಲ್ಲ. ಪಾದರಸ, ತನ್ನ ಕಾಲು, ಡಾಕ್ಟರಮ್ಮ, ಅನ್ನಾಳ ಮಗು, ಎಲ್ಲ ಹೇಳಿದಳು. "ನಿನ್ನ ಕಿಡ್ನಿ ಹೋದದ್ದು ನನ್ನಿಂದ. ಮೂವತ್ತೈದು ವರ್ಷ ನಾನು ನಿಂಗೆ ವಿಷ ಕಳಿಸಿದೆ ಎಲ್ಸಿ. ಪ್ರೀತಿಯಿಂದ, ಕಂಬಳಿಯಲ್ಲಿ ಸುತ್ತಿ ಕಳಿಸಿದೆ." ಅವಳ ಅಳು ತಡೆಯಲಾಗಲಿಲ್ಲ.

ಅತ್ತಲಿಂದ ಎಲ್ಸಿ ಮೆಲ್ಲಗೆ, ತಪ್ಪು ಮಾಡಿದವಳ ಹಾಗೆ ಹೇಳಿದಳು: "ಅಕ್ಕ, ಅಳಬೇಡ. ನಾನು ಅದನ್ನು ಹಚ್ಚಲೇ ಇಲ್ಲ."

"ಎಂತ?"

"ಮೊದಲ ಡಬ್ಬಿ ಹದಿನೈದು ದಿನ ಹಚ್ಚಿದ್ದೆ. ಮುಖ ಮೆಣಸಿನ ಪುಡಿ ಹಾಕಿದ ಹಾಗೆ ಉರೀತು, ಬಿಟ್ಟೆ. ನಿಂಗೆ ಹೇಳ್ಲಿಕ್ಕೆ ಮನಸ್ಸಾಗ್ಲಿಲ್ಲ. ಬೇರೆಯವರ ಮನೆಯಲ್ಲಿ ದುಡಿದು ಕಳಿಸುದು ನೀನು. ಕಾಗದದಲ್ಲಿ 'ಈಗ ಹೇಗಿದೆ ಮುಖ, ಈಗ ಹೇಗಿದೆ' ಅಂತ ಕೇಳುದು. ಒಳ್ಳೇದುಂಟು ಅಂತ ಬರೆದೆ. ನಂದು ಸಕ್ಕರೆಯಿಂದಲೇ ಅಕ್ಕ, ಅಮ್ಮನಿಗೂ ಇತ್ತಲ್ಲ."

ಜೋಸ್ಫಿನ್ ಬಾಯಿಯ ಎದೆಯಿಂದ ಒಂದು ಕಲ್ಲು ಜಾರಿಬಿತ್ತು. ದೇವರೇ ಎಂದು ಮೊರಿಸನ ಕೈ ಹಿಡಿದು ನಕ್ಕೇಬಿಟ್ಟಳು. ಮೂಗು ಒರೆಸಿಕೊಂಡು ಕೇಳಿದಳು: "ಅನ್ನಾ?"

ಅನ್ನಾಳೇ ಫೋನು ತೆಗೆದುಕೊಂಡಳು. "ಮಾವ್ಶಿ, ನಾನು ಹಚ್ತೇನೆ. ಕಾಲೇಜಿಂದ. ನಿನ್ನೆಯೂ ಹಚ್ಚಿದ್ದೇನೆ."

ಸ್ಟೇಸಿ ಬಾಗಿಲಿನಿಂದ ಬಂದು ಫೋನಿಗೆ ಕೈ ಚಾಚಿದಳು. ಜೋಸ್ಫಿನ್ ಬಾಯಿ ಕೊಟ್ಟಳು. ಸ್ಟೇಸಿ ತನ್ನ ಹರುಕು ಕೊಂಕಣಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: ಇವತ್ತೇ ಡಾಕ್ಟರ ಹತ್ತಿರ ಹೋಗು, ಡಬ್ಬಿ ತೆಗೆದುಕೊಂಡು ಹೋಗು, ನಾಚಿಕೆಯಿಂದ ಮುಚ್ಚಿಡಬೇಡ, ನನ್ನ ಅಕ್ಕ ಮುಚ್ಚಿಟ್ಟಳು. ಅನ್ನಾ ಹೂಂ, ಹೂಂ ಎಂದಳು. ಗಂಡನ ಜೊತೆ ಈಗಲೇ ಹೊರಡುತ್ತೇನೆಂದು ಹೇಳಿ ಫೋನನ್ನು ಅಮ್ಮನ ಕೈಗಿಟ್ಟಳು.

ಆಗ ಜೋಸ್ಫಿನ್ ಬಾಯಿಗೆ ಹೊಳೆಯಿತು. ವರ್ಷಕ್ಕೆ ನಾಲ್ಕು ಡಬ್ಬಿ. ಎಲ್ಸಿ ಹಚ್ಚಲಿಲ್ಲ, ಅನ್ನಾ ಹಚ್ಚಿದ್ದು ಕಾಲೇಜಿನಿಂದ ಈಚೆಗಷ್ಟೇ.

"ಉಳಿದ ಡಬ್ಬಿಯೆಲ್ಲ ಎಂತ ಮಾಡಿದಿ ಎಲ್ಸಿ?"

"ಕೊಟ್ಟೆ. ಬಿಸಾಡ್ಲಿಕ್ಕಾಗ್ತದಾ, ನೀನು ಕಳಿಸಿದ್ದು? ನಮ್ಮ ವಾಡೆಯಲ್ಲಿ ಮದುವೆಗೆ ರೋಸ್ ಇಟ್ಟ ಮನೆಯವರೆಲ್ಲ ನನ್ನ ಹತ್ರವೇ ಬರುದು. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವಾಗ ಹುಡುಗಿಯ ಮುಖ ಹೊಳೀಬೇಕಲ್ಲ. ಎರಡು ತಿಂಗಳು ಮೊದಲೇ ಬಂದು ಕೇಳ್ತಾರೆ, ದುಬೈ ಜೋಸ್ಫಿನ್ ಬಾಯಿಯ ಕ್ರೀಮು ಉಂಟಾ ಅಂತ. ಒಬ್ಬರ ಹತ್ರವೂ ಒಂದು ಪೈಸೆ ತೆಗೊಳ್ಳಿಲ್ಲ ಅಕ್ಕ. ಎಲ್ಲ ನಿನ್ನ ಹೆಸರಲ್ಲೇ ಕೊಟ್ಟದ್ದು."

ಮೊರಿಸನ ಕೈ ಹೆಂಡತಿಯ ಕೈಯ ಮೇಲೆ ಬಿಗಿಯಾಯಿತು. ಆ ಮದುವೆಗಳ ಫೋಟೋಗಳು ಅವಳಿಗೆ ಬರುತ್ತಿದ್ದವು. ಹುಡುಗಿಯರು ಎಷ್ಟು ಚೆಂದ ಕಾಣುತ್ತಾರೆ ಎಂದು ದೂರದ ದೇಶದಲ್ಲಿ ಕೂತು ಕಣ್ಣು ತುಂಬಿಕೊಳ್ಳುತ್ತಿದ್ದಳು.

"ಯಾರ್ಯಾರಿಗೆ?" ಎಂದಳು ಜೋಸ್ಫಿನ್ ಬಾಯಿ. "ಒಬ್ಬೊಬ್ಬರದ್ದೇ ಹೆಸರು ಹೇಳು. ಎಲ್ಲರಿಗೂ ನಾನೇ ಫೋನು ಮಾಡ್ತೇನೆ."

ಸ್ಟೇಸಿ ತಾನ್ಯಾಳ ನೋಟ್‌ಬುಕ್ಕು ಎಳೆದುಕೊಂಡು ಕೂತಳು. ಎಲ್ಸಿ ಹೇಳತೊಡಗಿದಳು. ಸಾಂತಾನ್ ಮಾಸ್ತರರ ಇಬ್ಬರು ಹೆಣ್ಣುಮಕ್ಕಳು. ಕೆಳಮನೆಯ ಗ್ಲಾಡಿಸ್. ಕ್ವಾಯರಿನ ಮೇಬಲ್, ಅವಳ ನಾದಿನಿ. ಬಾವಿಕಟ್ಟೆಯ ಹತ್ತಿರದ ಹಿಲ್ಡಾ. ಪಕ್ಕದ ಮನೆಯ ಹರ್ಬರ್ಟನ ಹೆಂಡತಿ, ಅವಳು ಮದುವೆಯ ನಂತರವೂ ವರ್ಷ ವರ್ಷ ಬಂದು ತೆಗೆದುಕೊಂಡು ಹೋಗುತ್ತಿದ್ದಳು...

ಎಲ್ಸಿಯ ಮಾತು ನಿಂತಿತು. ಹರ್ಬರ್ಟನ ಹೆಂಡತಿ ತೀರಿಹೋಗಿ ಮೂರು ವರ್ಷವಾಗಿತ್ತು. ನಲವತ್ತೊಂದು ವಯಸ್ಸು, ಸಕ್ಕರೆಯೂ ಇಲ್ಲ, ಬಿಪಿಯೂ ಇಲ್ಲ, ಎರಡೂ ಕಿಡ್ನಿ ಹೇಗೆ ಹೋಯಿತೆಂದು ಡಾಕ್ಟರುಗಳಿಗೂ ತಿಳಿಯಲಿಲ್ಲ ಎಂದು ಹರ್ಬರ್ಟ್ ಅಂದು ಫೋನಿನಲ್ಲಿ ಅತ್ತಿದ್ದ. ಅವಳ ಆತ್ಮಕ್ಕೆಂದು ಇಗರ್ಜಿಯಲ್ಲಿ ಪೂಜೆಗೆ ಹಣ ಕಳಿಸಿದವಳು ಜೋಸ್ಫಿನ್ ಬಾಯಿಯೇ.

"ಅಕ್ಕಾ..." ಎಂದಳು ಎಲ್ಸಿ.

ಜೋಸ್ಫಿನ್ ಬಾಯಿ ಫೋನನ್ನು ಹತ್ತಿರ ಎಳೆದುಕೊಂಡಳು.

"ಹರ್ಬರ್ಟನಿಗೆ ಮೊದಲು ಮಾಡ್ತೇನೆ," ಎಂದಳು. "ನೀನು ನಿಲ್ಲಿಸ್ಬೇಡ ಎಲ್ಸಿ. ಮುಂದಿನ ಹೆಸರು ಹೇಳು."